ಹೆಪ್ಪು ಬಿದ್ದ ಶಾಯಿ: ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕಟ್ಟಿಕೊಂಡ ನಳಿಕೆಗಳ ಪ್ರಕರಣ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಇಂಕ್‌ಜೆಟ್ ಯಂತ್ರದ 16 ನಳಿಕೆಗಳಲ್ಲಿ ಹನಿ ಉದುರಿಸುತ್ತಿದ್ದವು 5 ಮಾತ್ರ. ಬೆಳಿಗ್ಗೆ ಹತ್ತಕ್ಕೆ ಹದಿನಾರೂ ಚೆನ್ನಾಗಿದ್ದವು. ಶಾಯಿ ಅದೇ, ಯಂತ್ರ ಅದೇ, ಮಾಡುವ ಕೈಗಳೂ ಅವೇ. ಹಿಂದಿನ ಮಳೆಗಾಲದಲ್ಲಿ ಇದೇ ಶಾಯಿಯಿಂದ ವಾರಗಟ್ಟಲೆ ಮುದ್ರಿಸಿದ್ದೆವು. ಒಂದು ದಿನವೂ ಹೀಗಾಗಿರಲಿಲ್ಲ. ತೊಂದರೆಯ ಬೇರು ಹಿಡಿಯಲು ನಮಗೆ ಎರಡೂವರೆ ತಿಂಗಳು ಬೇಕಾಯಿತು. ಅದರಲ್ಲಿ ಒಂದು ತಿಂಗಳು ಹೋದದ್ದು ಅರ್ಧ ಸರಿಯಾದ ಉತ್ತರವನ್ನು ಪೂರ್ತಿ ಸರಿ ಎಂದು ನಂಬಿ ಕುಳಿತದ್ದರಿಂದ. ವಿದ್ಯುತ್ ಹರಿಸುವ ಜೆಲ್‌ಗಳನ್ನು ಮುದ್ರಿಸಲು ಹೊರಟಿರುವ ಬೇರೆ ತಂಡಗಳಿಗಾದರೂ ಆ ತಿಂಗಳು ಉಳಿಯಲಿ ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ನಾವು ಮಾಡಲು ಹೊರಟದ್ದು ಮುಂಗೈಗೆ ಅಂಟಿಸುವ ತೆಳುವಾದ ಎಲೆಕ್ಟ್ರೋಡ್ ಪಟ್ಟಿ. ಪಾರ್ಶ್ವವಾಯು ಬಡಿದು ಕೈ ಸ್ವಾಧೀನ ತಪ್ಪಿದವರು ಬೆರಳು ಮಡಿಸುವ ಅಭ್ಯಾಸ ಮಾಡುವಾಗ, ಕಣ್ಣಿಗೆ ಕಾಣುವಷ್ಟು ಚಲನೆ ಇಲ್ಲದಿದ್ದರೂ ಸ್ನಾಯುವಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಅದನ್ನು ಹಿಡಿದು ಪರದೆಯ ಮೇಲೆ ತೋರಿಸಿದರೆ ರೋಗಿಗೆ ತನ್ನ ಪ್ರಯತ್ನ ವ್ಯರ್ಥವಲ್ಲ ಎಂದು ಗೊತ್ತಾಗುತ್ತದೆ. ಕೆಲಸ ಆರಂಭಿಸುವ ಮೊದಲು ನಾನು ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ ಕೆಲವು ದಿನ ಕುಳಿತು ನೋಡಿದ್ದೆ. ಅಲ್ಲಿ ಬಳಸುತ್ತಿದ್ದದ್ದು ಇಸಿಜಿಗೆ ಅಂಟಿಸುವಂಥ, ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನ ಬಿಲ್ಲೆಗಳು. ಅವುಗಳ ಒದ್ದೆ ಜೆಲ್ ಹೊತ್ತು ಹೋದಂತೆ ಒಣಗುತ್ತದೆ, ಅಂಟು ತುರಿಸುತ್ತದೆ. ವಯಸ್ಸಾದ ಒಬ್ಬರು ಬಿಲ್ಲೆ ಕಿತ್ತ ಜಾಗದ ಕೆಂಪು ಗುರುತನ್ನು ಉಜ್ಜಿಕೊಳ್ಳುತ್ತಾ, "ಕೈ ಬಂದರೆ ಸಾಕಮ್ಮ, ತುರಿಕೆಯನ್ನು ಹೇಗೋ ತಡೆದುಕೊಳ್ಳುತ್ತೇನೆ" ಎಂದರು. ತಡೆದುಕೊಳ್ಳುವ ಪಾಳಿ ಅವರದ್ದಾಗಬಾರದು ಎಂಬುದೇ ಈ ಕೆಲಸದ ಹಿಂದಿನ ಹಟ.

ಸ್ನಾಯುವಿನ ಸಂಕೇತ ಬಹಳ ಸಣ್ಣದು: ಚರ್ಮದ ಮೇಲೆ ಸಿಗುವುದು ಕೆಲವು ಹತ್ತು ಮೈಕ್ರೋವೋಲ್ಟ್‌ಗಳಿಂದ ಕೆಲವು ಮಿಲಿವೋಲ್ಟ್‌ಗಳವರೆಗೆ. ಅದರ ಬಹುಪಾಲು 20ರಿಂದ 500 ಹರ್ಟ್ಸ್ ಒಳಗಿರುತ್ತದೆ. ನಮ್ಮ ಗೋಡೆಗಳಲ್ಲಿ ಹರಿಯುವ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಆ ವ್ಯಾಪ್ತಿಯ ಒಳಗೇ ಬಂದು ಕೂರುತ್ತದೆ. ಜೋಡಿ ಎಲೆಕ್ಟ್ರೋಡ್‌ಗಳಲ್ಲಿ ಒಂದು ಚರ್ಮಕ್ಕೆ ಚೆನ್ನಾಗಿ ಕೂತು ಇನ್ನೊಂದು ಅರೆಬರೆ ಕೂತರೆ ಆ ಗುಂಯ್‌ಗುಡುವಿಕೆಯೇ ಸಂಕೇತವನ್ನು ನುಂಗಿಹಾಕುತ್ತದೆ. ಆದ್ದರಿಂದ ಎರಡೂ ಬಿಲ್ಲೆಗಳು ಒಂದೇ ದಪ್ಪ, ಒಂದೇ ಗುಣದವಾಗಿರಬೇಕು. ಕೈಯಲ್ಲಿ ಬಳಿದರೆ ಆ ಸಮತೆ ಬರುವುದಿಲ್ಲ, ಮುದ್ರಿಸಿದರೆ ಬರುತ್ತದೆ. ನಮ್ಮ ವಿನ್ಯಾಸದಲ್ಲಿ ಬಿಲ್ಲೆಯ ಅಗಲ 10 ಮಿಲಿಮೀಟರ್, ಎರಡು ಬಿಲ್ಲೆಗಳ ನಡುಬಿಂದುಗಳ ಅಂತರ 20 ಮಿಲಿಮೀಟರ್. ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಅಳತೆಗಳೇ ಅವು.

ಹೈಡ್ರೋಜೆಲ್ ಎಂದರೆ ನೀರು ಕುಡಿದು ಉಬ್ಬಿದ ಪಾಲಿಮರ್ ಬಲೆ. 1960ರಲ್ಲಿ ಜೆಕೊಸ್ಲೊವಾಕಿಯಾದ ವಿಖ್ಟರ್ಲೆ ಮತ್ತು ಲಿಮ್ ಇಂಥ ಜೆಲ್‌ಗಳನ್ನು ದೇಹದಲ್ಲಿ ಬಳಸಬಹುದು ಎಂದು ತೋರಿಸಿದರು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಬಂದದ್ದು ಆ ದಾರಿಯಲ್ಲೇ. ಮೆದುತನದಲ್ಲಿ ಅದು ನಮ್ಮ ಅಂಗಾಂಶದ ನೆಂಟ. ಚಿನ್ನದ ಗಡಸುತನವನ್ನು ಗಿಗಾಪಾಸ್ಕಲ್‌ಗಳಲ್ಲಿ ಅಳೆದರೆ ಜೆಲ್‌ನದನ್ನು ಕಿಲೋಪಾಸ್ಕಲ್‌ಗಳಲ್ಲಿ ಅಳೆಯುತ್ತೇವೆ. ಆ ಬಲೆಗೆ ವಿದ್ಯುತ್ ಹರಿಸುವ ಗುಣ ಕೊಡುವುದು ಪೆಡಾಟ್-ಪಿಎಸ್‌ಎಸ್ ಎಂಬ ಕಡುನೀಲಿ ಪಾಲಿಮರ್ ಜೋಡಿ. ನಮ್ಮ ಶಾಯಿಯ ಮೂಲವಸ್ತು ಇದೇ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಬೇಯರ್ ಪ್ರಯೋಗಾಲಯಗಳಲ್ಲಿ ಹುಟ್ಟಿದ ಇದರ ಮೊದಲ ಉದ್ಯೋಗ ಫೋಟೋ ಫಿಲ್ಮ್‌ನ ಮೇಲೆ ಸ್ಥಿರ ವಿದ್ಯುತ್ ಕೂಡದಂತೆ ನೋಡಿಕೊಳ್ಳುವುದಾಗಿತ್ತು. ಪೆಡಾಟ್ ವಿದ್ಯುತ್ತನ್ನು ಒಯ್ಯುತ್ತದೆ, ಪಿಎಸ್‌ಎಸ್ ಅದನ್ನು ನೀರಿನಲ್ಲಿ ತೇಲಿಸಿ ಹಿಡಿದಿರುತ್ತದೆ. ಎರಡರ ನಡುವೆ ಇರುವುದು ಧನ ಮತ್ತು ಋಣ ವಿದ್ಯುದಂಶಗಳ ಸೆಳೆತ. ಈ ಸೆಳೆತ ಸಡಿಲವಾದರೆ ಏನಾಗುತ್ತದೆ ಎಂಬುದೇ ಈ ಪ್ರಕರಣದ ತಿರುಳು. ಅದು ನಮಗೆ ಪುಸ್ತಕದಲ್ಲಿ ಗೊತ್ತಿತ್ತು, ಕೈಯಲ್ಲಿ ಗೊತ್ತಿರಲಿಲ್ಲ.

ನಮ್ಮ ಯಂತ್ರದ ನಳಿಕೆಯ ಬಾಯಿ 21 ಮೈಕ್ರೋಮೀಟರ್, ಒಂದು ಹನಿ 10 ಪಿಕೋಲೀಟರ್. ಆ ಹನಿಯ ವ್ಯಾಸ ಸುಮಾರು 27 ಮೈಕ್ರೋಮೀಟರ್, ತಲೆಗೂದಲಿಗಿಂತ ಸಣ್ಣದು. ಶಾಯಿಯ ಸ್ನಿಗ್ಧತೆ, ಮೇಲ್ಮೈ ಎಳೆತ, ಸಾಂದ್ರತೆ ಹಾಗೂ ನಳಿಕೆಯ ವ್ಯಾಸ ಸೇರಿಸಿ ಲೆಕ್ಕ ಹಾಕುವ ಜೆಡ್ ಎಂಬ ಸಂಖ್ಯೆ 1ರಿಂದ 10ರೊಳಗೆ ಇದ್ದರೆ ಹನಿ ಸರಿಯಾಗಿ ಬೀಳುತ್ತದೆ ಎಂಬುದು ಈ ಕಸುಬಿನಲ್ಲಿ ಎಲ್ಲರೂ ಹಿಡಿಯುವ ಅಂದಾಜು. ಬರಿಯ ನೀರಿಗೆ ನಮ್ಮ ನಳಿಕೆಯಲ್ಲಿ ಅದು 40ರ ಹತ್ತಿರ ಬರುತ್ತದೆ. ಹನಿಯ ಹಿಂದೆ ಮರಿಹನಿಗಳು ಸಿಡಿಯುತ್ತವೆ. ಎಥಿಲೀನ್ ಗ್ಲೈಕಾಲ್ ಬೆರೆಸಿ ಸ್ನಿಗ್ಧತೆಯನ್ನು ಏರಿಸಿ, ಸೋಪಿನಂಥದ್ದೊಂದನ್ನು ಹಾಕಿ ಮೇಲ್ಮೈ ಎಳೆತವನ್ನು ಇಳಿಸಿದರೆ 2.5ರ ಆಸುಪಾಸಿಗೆ ತರಬಹುದು. ನಾವು ತಂದಿದ್ದೆವು.

ಆ ಸೋಪಿನಂಥದ್ದು ಯಾವುದು ಎಂಬ ಆಯ್ಕೆಯಲ್ಲೇ ಎಡವಿದ್ದೆವು. ಪೆಡಾಟ್-ಪಿಎಸ್‌ಎಸ್ ಪದರ ನೀರಿನಲ್ಲಿ ಕರಗಿ ಹೋಗದಿರಲು ಸಾಮಾನ್ಯವಾಗಿ ಜಿಒಪಿಎಸ್ ಎಂಬ ಸಿಲೇನ್ ಬೆರೆಸಿ 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ನಮ್ಮ ಪಟ್ಟಿಯ ತಳ ಚರ್ಮದಂತೆ ಹಿಗ್ಗುವ ಪಾಲಿಯುರೇಥೇನ್ ಹಾಳೆ. ಆ ಕಾವಿಗೆ ಅದು ಮುರುಟಿಹೋಗುತ್ತಿತ್ತು. ಹಾಗಾಗಿ ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ದಾರಿ ಬೇಕಿತ್ತು. ಡೊಡೆಸೈಲ್‌ಬೆಂಜೀನ್ ಸಲ್ಫೋನಿಕ್ ಆಮ್ಲ ಅದನ್ನು ಮಾಡುತ್ತದೆ. ಬಟ್ಟೆ ಒಗೆಯುವ ಪುಡಿ ತಯಾರಿಸುವವರು ಆಸಿಡ್ ಸ್ಲರಿ ಎಂದು ಕೊಳ್ಳುವ ದ್ರವದ ವಂಶದ್ದೇ ಇದು. ಆದ್ದರಿಂದ ಮೇಲ್ಮೈ ಎಳೆತವನ್ನೂ ಇಳಿಸುತ್ತದೆ. ಒಂದೇ ವಸ್ತು, ಎರಡು ಉಪಕಾರ. ಶಾಯಿಗೆ ಬೆರೆಸಬೇಕಾದವುಗಳಲ್ಲಿ ಒಂದು ರಾಸಾಯನಿಕ ಕಡಿಮೆಯಾಯಿತಲ್ಲ ಎಂದು ನಾವೆಲ್ಲ ಸಂತೋಷಪಟ್ಟೆವು.

ಇನ್ನು ಮಾರ್ಚ್. ಯಂತ್ರದಲ್ಲಿ ಹನಿ ನೋಡುವ ಕ್ಯಾಮೆರಾ ಇದೆ; ಮಿನುಗು ಬೆಳಕಿನಲ್ಲಿ ಹಾರುವ ಹನಿ ನಿಂತಂತೆ ಕಾಣುತ್ತದೆ. ಬೆಳಿಗ್ಗೆ ಹದಿನಾರು ಹನಿಗಳು ಸಾಲಾಗಿ, ದಾರದಲ್ಲಿ ಪೋಣಿಸಿದ ಹಾಗೆ ಇಳಿಯುತ್ತಿದ್ದವು. ಹನ್ನೊಂದೂವರೆಗೆ ಮೂರನೆಯ ನಳಿಕೆಯ ಹನಿ ಎಡಕ್ಕೆ ವಾಲಿತು. ಸ್ವಲ್ಪ ಹೊತ್ತಿಗೆ ಅದರ ಬಾಲ ಉದ್ದವಾಯಿತು, ಹನಿ ಕಳಚಿಕೊಳ್ಳದೆ ಹಿಂದಕ್ಕೆ ಜಗ್ಗಿ ನಳಿಕೆಯ ಬಾಯಿಗೇ ಅಂಟಿತು. ಆಮೇಲೆ ಅಲ್ಲಿ ಒಂದು ಕಪ್ಪು ಗುಳ್ಳೆ ಮಾತ್ರ, ಉಸಿರಾಡುವಂತೆ ಮೇಲೆ ಕೆಳಗೆ ಆಡುತ್ತಿತ್ತು. ನಂತರ ಅದೂ ನಿಂತಿತು. ಒಂದಾದ ಮೇಲೆ ಒಂದು ನಳಿಕೆ ಹೀಗೆ ಬಾಯಿ ಮುಚ್ಚುವುದನ್ನು ನೋಡುತ್ತಾ ಕುಳಿತ ಮಧ್ಯಾಹ್ನಗಳು ನನಗೆ ಇಂದಿಗೂ ಕಣ್ಣಿಗೆ ಕಟ್ಟಿವೆ.

ಮೊದಲು ಧೂಳು, ಕಣ ಎಂದುಕೊಂಡೆವು. 0.45 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿದೆವು, ಪ್ರಯೋಜನವಾಗಲಿಲ್ಲ. ಆಮೇಲೆ ಗೋಡೆಯ ಮೇಲಿನ ಆರ್ದ್ರತೆಯ ಮಾಪಕದತ್ತ ಕಣ್ಣು ಹೋಯಿತು. ಮುಳ್ಳು 30ಕ್ಕಿಂತ ಕೆಳಗಿತ್ತು. ಬೆಂಗಳೂರಿನ ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳ ಗಾಳಿ ಎಷ್ಟು ಒಣ ಎಂಬುದು ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ ಒಣಗಿಸುವ ಪ್ರತಿ ಮನೆಗೂ ಗೊತ್ತು. ಮಳೆಗಾಲದಲ್ಲಿ ಇಲ್ಲದ ತೊಂದರೆ ಬೇಸಿಗೆಯಲ್ಲಿ ಬಂದಿದ್ದರೆ ಗಾಳಿಯೇ ಕಾರಣವಿರಬೇಕಲ್ಲವೇ?

ನಮ್ಮ ಹಿರಿಯ ತಂತ್ರಜ್ಞರು ನನ್ನನ್ನು ಸುಲ್ತಾನ್‌ಪೇಟೆಗೆ ಕರೆದುಕೊಂಡು ಹೋದರು. ಲಗ್ನಪತ್ರಿಕೆ, ಕಾಗದ, ಮುದ್ರಣದ ಸಾಮಾನುಗಳ ಆ ಬೀದಿಗಳಲ್ಲಿ ಅವರಿಗೆ ಪರಿಚಯದ ಒಂದು ಅಂಗಡಿ. ಪೋಸ್ಟರ್ ಮತ್ತು ಫೋಟೋ ಮುದ್ರಿಸುವ ದೊಡ್ಡ ಇಂಕ್‌ಜೆಟ್‌ಗಳು ಅಲ್ಲಿದ್ದವು. ಯಂತ್ರದ ಪಕ್ಕದಲ್ಲಿ ಅಗಲವಾದ ಬೇಸಿನ್ ತುಂಬ ನೀರು, ಅದರಲ್ಲಿ ಅರ್ಧ ಮುಳುಗಿ ಅರ್ಧ ಹೊರಗೆ ಇಳಿಬಿದ್ದ ಒಂದು ಹಳೆಯ ಪಂಚೆ. "ಬೇಸಿಗೆಯಲ್ಲಿ ಹೆಡ್ಡಿನ ಬಾಯಿ ಒಣಗುತ್ತದೆ ಮೇಡಂ" ಎಂದರು ಯಜಮಾನರು. "ನಮ್ಮ ತಂದೆಯವರ ಕಾಲದಲ್ಲಿ ಆಫ್‌ಸೆಟ್ ಇದ್ದಾಗ ಕಾಗದ ಸುರುಳಿ ಸುತ್ತಿಕೊಳ್ಳುತ್ತಿತ್ತು. ಆಗಿನಿಂದಲೂ ಈ ನೀರು ಇಟ್ಟಿದ್ದೇವೆ. ಕೆಲಸ ಇಲ್ಲದಿದ್ದರೂ ಹೆಡ್ ಆಗಾಗ ಉಗುಳುತ್ತಿರಬೇಕು, ಸುಮ್ಮನೆ ಬಿಡಬಾರದು." ಹೊರಡುವಾಗ ಅವರು ಇನ್ನೊಂದು ಮಾತು ಕೇಳಿದರು: "ನಿಮ್ಮ ಇಂಕ್ ಬೆರೆಸಿ ಎಷ್ಟು ದಿನವಾಯಿತು?" ಇವತ್ತು ಬೆಳಿಗ್ಗೆಯೇ ಬೆರೆಸಿದ್ದು, ಹೊಸದು ಎಂದೆ. ಹಾಗಾದರೆ ಸರಿ ಎಂದು ಅವರು ಸುಮ್ಮನಾದರು. ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದ್ದರು. ನಮ್ಮ ಶಾಯಿಯ ಆಯುಸ್ಸನ್ನು ದಿನಗಳಲ್ಲಿ ಅಲ್ಲ, ಗಂಟೆಗಳಲ್ಲಿ ಎಣಿಸಬೇಕು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಯಂತ್ರದ ಸುತ್ತ ಪ್ಲಾಸ್ಟಿಕ್ ಪರದೆ ಕಟ್ಟಿ ಆರ್ದ್ರಕ ಇಟ್ಟೆವು. ಪ್ರತಿ ಕೆಲವು ನಿಮಿಷಕ್ಕೊಮ್ಮೆ ನಳಿಕೆ ಉಗುಳುವಂತೆ ಮಾಡಿದೆವು. ಗ್ಲೈಕಾಲ್ ಸ್ವಲ್ಪ ಹೆಚ್ಚಿಸಿದೆವು. ಅದರ ಕುದಿಬಿಂದು 197 ಡಿಗ್ರಿ, ಬೇಗ ಆರುವುದಿಲ್ಲ. ನಿಜಕ್ಕೂ ಸುಧಾರಿಸಿತು. ಹನ್ನೊಂದೂವರೆಗೆ ಕೆಡುತ್ತಿದ್ದದ್ದು ಒಂದು ಗಂಟೆಯವರೆಗೆ ನಡೆಯಿತು. ಈ ಸುಧಾರಣೆಯೇ ನಮ್ಮನ್ನು ಕಟ್ಟಿಹಾಕಿತು. ಇನ್ನಷ್ಟು ತೇವ, ಇನ್ನಷ್ಟು ಗ್ಲೈಕಾಲ್ ಎಂದು ಇಡೀ ಏಪ್ರಿಲ್ ಅದೇ ದಾರಿಯಲ್ಲಿ ನಡೆದೆವು. ಏನೂ ಸುಧಾರಿಸದಿದ್ದರೆ ಮೊದಲ ವಾರದಲ್ಲೇ ಆ ದಾರಿ ಬಿಡುತ್ತಿದ್ದೆವು.

ಗಂಟು ಬಿಚ್ಚಿದ್ದು ಒಬ್ಬ ವಿದ್ಯಾರ್ಥಿನಿ. ಕಾರ್ಟ್ರಿಜ್ ತುಂಬಿದ ಮೇಲೆ ಸಿರಿಂಜಿನಲ್ಲಿ ಉಳಿದ ಶಾಯಿಯನ್ನು ಸಂಜೆ ಚೆಲ್ಲಲು ಹೋಗಿ, "ಇಲ್ಲಿ ನೋಡಿ ಮೇಡಂ" ಎಂದು ಕೂಗಿದಳು. ಸೂಜಿಯ ತುದಿಯಿಂದ ಶಾಯಿ ತೊಟ್ಟಿಕ್ಕುತ್ತಿರಲಿಲ್ಲ. ಒರಳಿನಿಂದ ಒತ್ತಿದ ಶಾವಿಗೆಯಂತೆ ಎಳೆಯಾಗಿ ಹೊರಬರುತ್ತಿತ್ತು. ಬೆರಳಲ್ಲಿ ಎತ್ತಿದರೆ ನೀಲಿ ಎಳೆ ಮುರಿಯದೆ ಬಳುಕಿತು. ಸಿರಿಂಜಿನ ಬಾಯಿಗೆ ಮುಚ್ಚಳವಿತ್ತು. ಒಣಗಲು ಅಲ್ಲಿ ಗಾಳಿಯೇ ಇರಲಿಲ್ಲ.

ಮರುದಿನ ಒಂದೇ ಶಾಯಿಯನ್ನು ಮೂರು ಸಣ್ಣ ಶೀಷೆಗಳಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಒಂದನ್ನು ಫ್ರಿಜ್‌ನಲ್ಲಿ, ಒಂದನ್ನು ಮೇಜಿನ ಮೇಲೆ, ಒಂದನ್ನು 35 ಡಿಗ್ರಿಯ ಪೆಟ್ಟಿಗೆಯಲ್ಲಿ ಇಟ್ಟೆವು. 35 ಏಕೆಂದರೆ ಶಾಯಿ ತೆಳುವಾಗಿ ಹರಿಯಲಿ ಎಂದು ನಾವು ನಳಿಕೆಯ ಭಾಗವನ್ನು ಅಷ್ಟೇ ಬಿಸಿ ಮಾಡಿ ಇಟ್ಟಿರುತ್ತಿದ್ದೆವು. ಅರ್ಧ ಗಂಟೆಗೊಮ್ಮೆ ಶೀಷೆಗಳನ್ನು ಬೋರಲು ಹಾಕಿ ನೋಡುವುದು, ಅಷ್ಟೇ ಪ್ರಯೋಗ. ಮಧ್ಯಾಹ್ನದ ಊಟದ ಹೊತ್ತಿಗೆ 35 ಡಿಗ್ರಿಯ ಶೀಷೆಯಲ್ಲಿ ಶಾಯಿ ತಳಕ್ಕೆ ಅಂಟಿ ನಿಂತಿತ್ತು. ಸಂಜೆಗೆ ಮೇಜಿನ ಮೇಲಿನದೂ ನಿಂತಿತು. ಫ್ರಿಜ್‌ನಲ್ಲಿದ್ದದ್ದು ಮರುದಿನವೂ ಹರಿಯುತ್ತಿತ್ತು. ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುವ ಯಾರಿಗೂ ಈ ಮೂರು ಶೀಷೆಗಳನ್ನು ವಿವರಿಸಿ ಹೇಳಬೇಕಿಲ್ಲ. ಹೆಪ್ಪು ಹಾಕಿದ ಹಾಲನ್ನು ಬೆಚ್ಚಗಿನ ಮೂಲೆಯಲ್ಲಿಟ್ಟು, ಅದು ಹಾಲಾಗಿಯೇ ಹರಿಯಬೇಕು ಎಂದು ಕಾದು ಕುಳಿತಿದ್ದೆವು.

ನಡೆಯುತ್ತಿದ್ದದ್ದು ಇಷ್ಟು. ಶಾಯಿಗೆ ಬೆರೆಸಿದ್ದ ಆ ಸಲ್ಫೋನಿಕ್ ಆಮ್ಲ ಪೆಡಾಟ್ ಮತ್ತು ಪಿಎಸ್‌ಎಸ್ ನಡುವಿನ ಸೆಳೆತವನ್ನು ಸಡಿಲಿಸುತ್ತದೆ. ಬಿಡಿಸಿಕೊಂಡ ಪೆಡಾಟ್ ಸರಪಣಿಗಳು ಒಂದರ ಮೇಲೊಂದು ಕೂತು ಬಲೆ ಹೆಣೆದುಕೊಳ್ಳುತ್ತವೆ. ಆಮ್ಲ ಹೆಚ್ಚಿದಷ್ಟೂ ಬೇಗ, ಕಾವು ಹೆಚ್ಚಿದಷ್ಟೂ ಬೇಗ. ಅದು ಜೆಲ್ ಆಗುವ ಬಗೆಯೇ ಅದು, ನಾವು ಅದನ್ನು ಆರಿಸಿಕೊಂಡದ್ದೂ ಅದಕ್ಕೇ. ಹಾಗಾದರೆ ಮಳೆಗಾಲದಲ್ಲಿ ಏಕೆ ಕೆಡಲಿಲ್ಲ? ದಿನಚರಿ ತೆಗೆದು ನೋಡಿದೆವು. ಆಗ ಪರೀಕ್ಷೆಗೆಂದು ಒಂದೆರಡು ಬಿಲ್ಲೆ ಮುದ್ರಿಸುತ್ತಿದ್ದೆವು. ಶಾಯಿ ಬೆರೆಸಿದ ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತಿತ್ತು. ಮಾರ್ಚಿನಿಂದ ಇಡೀ ದಿನ ಮುದ್ರಿಸತೊಡಗಿದ್ದೆವು, ಬೆಳಿಗ್ಗೆ ಬೆರೆಸಿದ್ದನ್ನೇ ಸಂಜೆಯವರೆಗೆ. ಋತುವೂ ಬದಲಾಗಿತ್ತು, ನಮ್ಮ ರೀತಿಯೂ ಬದಲಾಗಿತ್ತು. ನಮ್ಮ ಕಣ್ಣಿಗೆ ಬಿದ್ದದ್ದು ಋತು ಮಾತ್ರ. ನಳಿಕೆಯ ಬಾಯಿಯಲ್ಲಿ ಒಣಗಿದ ಪೊರೆ ಕಟ್ಟುತ್ತಿದ್ದದ್ದೂ ಸುಳ್ಳಲ್ಲ, ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತಿತ್ತು. ಒರೆಸಿದರೂ ಹೋಗದ ಕಟ್ಟು ಬೇರೆಯದು ಎಂದು ಮೊದಲೇ ಬೇರ್ಪಡಿಸಿ ಬರೆದುಕೊಂಡಿದ್ದರೆ ಏಪ್ರಿಲ್ ಉಳಿಯುತ್ತಿತ್ತು.

ದಿನಕ್ಕೆ ನಾಲ್ಕು ಸಲ ಹೊಸ ಶಾಯಿ ಬೆರೆಸುವುದು ಒಂದು ಪರಿಹಾರ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಗಂಟೆಗಂಟೆಗೂ ಗುಣ ಬದಲಾಗುವ ಶಾಯಿಯಿಂದ ಒಂದೇ ಸಮನಾದ ಬಿಲ್ಲೆಗಳು ಬರಲಾರವು. ಹಾಲು ಬೇರೆ, ಹೆಪ್ಪು ಬೇರೆ ಕಾರ್ಟ್ರಿಜ್‌ನಲ್ಲಿರಲಿ, ಎರಡೂ ಹಾಳೆಯ ಮೇಲೇ ಸೇರಲಿ ಎಂದು ತೀರ್ಮಾನಿಸಿದೆವು. ಮೊದಲನೆಯ ಕಾರ್ಟ್ರಿಜ್‌ನಲ್ಲಿ ಪೆಡಾಟ್-ಪಿಎಸ್‌ಎಸ್ ಜೊತೆ ಕಡಲಪಾಚಿಯಿಂದ ತೆಗೆದ ಸೋಡಿಯಂ ಆಲ್ಜಿನೇಟ್, ಎರಡನೆಯದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್. ಕ್ಯಾಲ್ಸಿಯಂ ತಾಗಿದೊಡನೆ ಆಲ್ಜಿನೇಟ್ ಗಟ್ಟಿಯಾಗುತ್ತದೆ, ತಾಗುವವರೆಗೆ ದ್ರವವಾಗಿಯೇ ಇರುತ್ತದೆ.

ಇಲ್ಲಿಯೂ ಮೊದಲ ದಿನವೇ ಪೆಟ್ಟು ತಿಂದೆವು. ಪೆಡಾಟ್-ಪಿಎಸ್‌ಎಸ್ ದ್ರವದ ಪಿಎಚ್ 2ರ ಆಸುಪಾಸು. ಆಲ್ಜಿನೇಟ್ 3.5ಕ್ಕಿಂತ ಕೆಳಗೆ ತಾನಾಗಿಯೇ ಗಟ್ಟಿಯಾಗತೊಡಗುತ್ತದೆ. ಬೆರೆಸಿದ ಲೋಟದಲ್ಲೇ ನೀಲಿ ಮುದ್ದೆಗಳು. ಪಿಎಚ್ ಅನ್ನು 7ರ ಹತ್ತಿರಕ್ಕೆ ತಂದ ದ್ರವ ತೆಗೆದುಕೊಂಡ ಮೇಲೆ ಅದು ಸರಿಹೋಯಿತು. ಆಮೇಲೆ ಎಳೆಯ ಸಮಸ್ಯೆ: ಆಲ್ಜಿನೇಟ್ ಸ್ವಲ್ಪ ಹೆಚ್ಚಾದರೂ ಒಂದೆಳೆ ಪಾಕ ಬಂದಂತೆ ಹನಿ ನಳಿಕೆಯಿಂದ ಕಳಚಿಕೊಳ್ಳದೆ ದಾರ ಎಳೆಯುತ್ತದೆ. ಇದನ್ನು ಜೆಡ್ ಸಂಖ್ಯೆ ಹೇಳುವುದಿಲ್ಲ, ಏಕೆಂದರೆ ಆ ಲೆಕ್ಕದಲ್ಲಿ ಉದ್ದ ಸರಪಣಿಗಳ ಎಳೆತಕ್ಕೆ ಜಾಗವೇ ಇಲ್ಲ. ಗಿಡ್ಡ ಸರಪಣಿಯ ಆಲ್ಜಿನೇಟ್ ಆರಿಸಿ, ಪ್ರಮಾಣ ಇಳಿಸಿ, ಕ್ಯಾಮೆರಾದಲ್ಲಿ ಬಾಲ ನೋಡಿ ನೋಡಿಯೇ ಹದ ಹಿಡಿದೆವು.

ಕ್ರಮವೂ ಮುಖ್ಯ. ಮೊದಲು ಶಾಯಿ ಹಾಕಿ ಮೇಲೆ ಕ್ಯಾಲ್ಸಿಯಂ ಸುರಿದರೆ ಮೇಲ್ಭಾಗದಲ್ಲಿ ಕೆನೆ ಕಟ್ಟಿ ಒಳಗೆ ನೀರಾಗಿಯೇ ಉಳಿಯಿತು. ಕ್ಯಾಲ್ಸಿಯಂ ಮೊದಲು ಹಾಕಿದರೆ ಶಾಯಿಯ ಹನಿ ಬಿದ್ದಲ್ಲೇ ಹೆಪ್ಪುಗಟ್ಟಿ ಪಕ್ಕದ ಹನಿಯೊಡನೆ ಸೇರಲಿಲ್ಲ. ತೆಳುವಾಗಿ ಕ್ಯಾಲ್ಸಿಯಂ, ಮೇಲೆ ಶಾಯಿ, ಮತ್ತೆ ತೆಳುವಾಗಿ ಕ್ಯಾಲ್ಸಿಯಂ, ಹೀಗೆ ಪದರ ಪದರವಾಗಿ ಹಾಕಿದಾಗ ಬಿಲ್ಲೆ ಒಂದೇ ಸಮನಾಗಿ ಬಂತು. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ತಾನೇ ಹೀರಿಕೊಳ್ಳುವ ಲವಣ. ಆ ಕಾರ್ಟ್ರಿಜ್‌ನ ನಳಿಕೆಗಳು ಒಣಹವೆಯಲ್ಲೂ ಒಮ್ಮೆಯೂ ಕಟ್ಟಲಿಲ್ಲ. ಶಾಯಿಯ ನಳಿಕೆಗಳು ಮಾತ್ರ ಒಂದು ದಿನ ಇದ್ದಕ್ಕಿದ್ದಂತೆ ಎಲ್ಲವೂ ಮುಚ್ಚಿಕೊಂಡವು. ಯಾರೋ ಕ್ಯಾಲ್ಸಿಯಂ ಒರೆಸಿದ ಬಟ್ಟೆಯಲ್ಲೇ ಶಾಯಿಯ ನಳಿಕೆಯನ್ನೂ ಒರೆಸಿದ್ದರು. ಅಂದಿನಿಂದ ತಂತ್ರಜ್ಞರು ಎರಡು ಬಣ್ಣದ ಬಟ್ಟೆ ಇಟ್ಟಿದ್ದಾರೆ, ಪ್ರತಿ ಕಾರ್ಟ್ರಿಜ್‌ಗೆ ಬೆರೆಸಿದ ದಿನದ ಜೊತೆ ಗಂಟೆ, ನಿಮಿಷ ಬರೆದ ಚೀಟಿ ಅಂಟಿಸುತ್ತಾರೆ.

ಹೊಸ ಬಿಲ್ಲೆಗಳನ್ನು ಸದ್ಯಕ್ಕೆ ನಮ್ಮ ನಮ್ಮ ಮುಂಗೈಗಳ ಮೇಲೆ ಮಾತ್ರ ಪರೀಕ್ಷಿಸಿದ್ದೇವೆ. ಮುಷ್ಟಿ ಬಿಗಿದರೆ ಸ್ನಾಯುವಿನ ಸಂಕೇತ ಸ್ಪಷ್ಟವಾಗಿ ಏಳುತ್ತದೆ, ಬಿಟ್ಟರೆ ಗೆರೆ ಶಾಂತವಾಗುತ್ತದೆ. 50 ಹರ್ಟ್ಸ್‌ನ ಮೊನೆ ಹಳೆಯ ಬಿಲ್ಲೆಗಳಿಗಿಂತ ತಗ್ಗಿದೆ. ಕಿತ್ತರೆ ಕೆಂಪು ಗುರುತು ಉಳಿಯುವುದಿಲ್ಲ. ಆದರೆ ಬೆಲೆ ತೆತ್ತಿದ್ದೇವೆ. ಆಲ್ಜಿನೇಟ್ ಬೆರೆತದ್ದರಿಂದ ವಾಹಕತೆ ಇಳಿದಿದೆ. ಸ್ನಾಯುವಿನ ಸಂಕೇತ ಹಿಡಿಯಲು ಸಾಕು, ಸ್ನಾಯುವನ್ನು ಪ್ರಚೋದಿಸಲು ಇದನ್ನು ನಾನು ಬಳಸಲಾರೆ. ಇನ್ನೊಂದು ಇದಕ್ಕಿಂತ ದೊಡ್ಡದು. ಬೆವರಿನಲ್ಲಿರುವ ಸೋಡಿಯಂ ಮೆಲ್ಲಗೆ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ, ಬಲೆ ಸಡಿಲವಾಗುತ್ತದೆ. 0.9 ಶೇಕಡಾ ಉಪ್ಪುನೀರಿನಲ್ಲಿ ಬಿಲ್ಲೆ ನಿಧಾನವಾಗಿ ಉಬ್ಬಿತು. ಫಾಸ್ಫೇಟ್ ಇರುವ ದ್ರಾವಣದಲ್ಲಿ, ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುವುದರಿಂದ, ಇನ್ನೂ ಬೇಗ ಅಂಚು ಬಿಟ್ಟಿತು. ದೇಹದ ಒಳಗೆ ಇಡುವ ಸಾಧನಕ್ಕೆ ಈ ಬಗೆಯ ಜೆಲ್ ಸಲ್ಲದು. ಅದಕ್ಕೆ ನೀರಿನಲ್ಲೂ ಬಿಡದ ಗಟ್ಟಿ ರಾಸಾಯನಿಕ ಬಂಧ ಬೇಕು, ಆ ಕೆಲಸ ಬೇರೆಯಾಗಿ ನಡೆದಿದೆ.

ರೋಗಿಗಳ ಮೇಲೆ ಪರೀಕ್ಷಿಸಲು ನೀತಿ ಸಮಿತಿಗೆ ಅರ್ಜಿ ಹಾಕಿದ್ದೇವೆ. ಇಡೀ ದಿನಕ್ಕೆ ಎಂದು ಬರೆಯೋಣ, ಕೇಳಲು ಚೆನ್ನಾಗಿರುತ್ತದೆ ಎಂಬ ಸಲಹೆ ತಂಡದಲ್ಲಿ ಬಂದಿತ್ತು. ಕಡುಬಿಸಿಲಿನಲ್ಲಿ ನಡೆದಾಡಿ ಬೆವರಿದ ನಮ್ಮದೇ ಕೈಗಳ ದಾಖಲೆಯನ್ನು ಮುಂದಿಟ್ಟುಕೊಂಡು, ಪಟ್ಟಿಯ ಬಳಕೆಯ ಅವಧಿ 8 ಗಂಟೆ ಎಂದು ಬರೆದಿದ್ದೇವೆ.